ಸೀಟಿನಿಂದ ಹ್ಯಾಂಡಲ್ಲಿಗೆ ಎಷ್ಟು ದೂರ?



ಶಿವಮೊಗ್ಗದ ಕಡೆಯಿಂದ ಬಂದ ರೈಲು ಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಮುಂದೆ ಏನಿದ್ದರೂ ರಸ್ತೆಯೇ. ಒಂದು ಕಡೆ ಜೋಗ, ಸುಮಾರು 15 ಕಿಲೋಮೀಟರ್. ಇನ್ನೊಂದು ಕಡೆ ಸಿದ್ದಾಪುರ. ಹಿಂದಕ್ಕೆ ತಿರುಗಿದರೆ ಸಾಗರ, ಅದೂ ಹೆಚ್ಚುಕಡಿಮೆ 15 ಕಿಲೋಮೀಟರ್. ಈ ರಸ್ತೆಗಳಲ್ಲಿ ಬಸ್ಸು, ಜೀಪು, ಅಡಿಕೆ ಮೂಟೆ ಹೇರಿದ ಗಾಡಿಗಳ ನಡುವೆ ಸೈಕಲ್ಲುಗಳೂ ಓಡುತ್ತವೆ. ಶಾಲೆಗೆ ಹೊರಟ ಹುಡುಗಿಯದು ಒಂದು. ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಹಿರಿಯರದು ಇನ್ನೊಂದು. ಜೋಗ ನೋಡಲು ಬೆಂಗಳೂರಿನಿಂದ ಗೇರ್ ಸೈಕಲ್ ತಂದ ಯುವಕನದು ಮೂರನೆಯದು.

ಬೆಲೆಯಲ್ಲಿ ಈ ಮೂರಕ್ಕೂ ಅಜಗಜಾಂತರ. ಆದರೆ ಸಂಜೆ ಮನೆ ಸೇರಿದ ಮೇಲೆ ಮೂವರ ದೂರೂ ಒಂದೇ ಇರಬಹುದು. ಕುತ್ತಿಗೆ ನೋವು, ಅಂಗೈ ಜೋಮು, ಸೊಂಟ ಹಿಡಿದಿದೆ. ರಸ್ತೆ ಸರಿಯಿಲ್ಲ ಎನ್ನುತ್ತಾರೆ. ಸೀಟು ಗಟ್ಟಿ ಎನ್ನುತ್ತಾರೆ. ರಸ್ತೆಯ ಮಾತು ಸುಳ್ಳಲ್ಲ. ಮಲೆನಾಡಿನ ಮಳೆಗಾಲ ಕಳೆದ ಮೇಲೆ ಎಷ್ಟೋ ಕಡೆ ಡಾಂಬರನ್ನು ಹುಡುಕಿಕೊಂಡೇ ಹೋಗಬೇಕು. ಆದರೆ ಅಪರಾಧಿ ಇನ್ನೊಬ್ಬನಿದ್ದಾನೆ. ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ದೂರ. ಇವತ್ತಿನ ಮಾತೆಲ್ಲ ಆ ದೂರದ್ದೇ.

ಮೊದಲು ಒಂದು ಬಿಡಿಭಾಗವನ್ನು ಪರಿಚಯ ಮಾಡಿಕೊಳ್ಳೋಣ. ಗೇರ್ ಸೈಕಲ್ಲಿನ ಮುಂದೆ ನಿಂತು ಹ್ಯಾಂಡಲ್ಲಿನ ನಟ್ಟನಡುವೆ ಬೆರಳಿಡಿ. ಅಲ್ಲಿಂದ ಸೀಟಿನ ಕಡೆಗೆ ಬೆರಳು ಸರಿಸುತ್ತ ಬನ್ನಿ. ಒಂದು ಗಿಡ್ಡ, ದಪ್ಪ ತುಂಡು ಕೈಗೆ ತಗಲುತ್ತದೆ. ಅದರ ಒಂದು ತುದಿ ಹ್ಯಾಂಡಲ್ಲನ್ನು ಕಚ್ಚಿ ಹಿಡಿದಿರುತ್ತದೆ. ಇನ್ನೊಂದು ತುದಿ, ಮುಂದಿನ ಚಕ್ರ ಕೂತಿರುವ ಫೋರ್ಕಿನ ಮೇಲ್ದಂಡವನ್ನು ಹಿಡಿದಿರುತ್ತದೆ. ಅದಕ್ಕೆ ಸ್ಟೆಮ್ ಎನ್ನುತ್ತಾರೆ. ಕಲ್ಲುಮುಳ್ಳಿನ ದಾರಿಗೆಂದು ಮಾಡಿದ ಇಂದಿನ ಸೈಕಲ್ಲುಗಳಲ್ಲಿ ಅದು 4ರಿಂದ 6 ಸೆಂಟಿಮೀಟರ್ ಉದ್ದ. ಹ್ಯಾಂಡಲ್ ಕೆಳಕ್ಕೆ ಬಾಗಿದ ರೇಸ್ ಸೈಕಲ್ಲುಗಳಲ್ಲಿ 10ರಿಂದ 12. ಅಂಗಡಿಯಲ್ಲಿ ಒಂದೊಂದು ಸೆಂಟಿಮೀಟರ್ ವ್ಯತ್ಯಾಸದಲ್ಲಿ ಸಿಗುತ್ತದೆ. ಒಂದು ಸೆಂಟಿಮೀಟರ್ ಯಾವ ಲೆಕ್ಕ ಎಂದು ನಗಬೇಡಿ. ಗಂಟೆಗೆ ನಾಲ್ಕೈದು ಸಾವಿರ ಸಲ ಪೆಡಲ್ ತುಳಿಯುವ ಮೈಗೆ ಆ ಒಂದು ಸೆಂಟಿಮೀಟರ್ ಚೆನ್ನಾಗಿ ಗೊತ್ತಾಗುತ್ತದೆ.

ಹಾಲಿನ ಕ್ಯಾನಿನ ಹಿರಿಯರ ಸೈಕಲ್ಲಿನಲ್ಲಿ ಈ ತುಂಡನ್ನು ಬೇರೆಯಾಗಿ ಹುಡುಕಿದರೆ ಸಿಗುವುದಿಲ್ಲ. ಅಂಥ ಸೈಕಲ್ ಮಾಡುತ್ತಿದ್ದ ಅಟ್ಲಾಸ್ ಕಂಪನಿ 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾಯಿತು. ಹೀರೋ 1956ರಲ್ಲಿ ಲೂಧಿಯಾನದಲ್ಲಿ. ಇವು, ಮದರಾಸಿನ ಹರ್ಕ್ಯುಲಸ್, ಎಲ್ಲವೂ ಇಂಗ್ಲೆಂಡಿನ ಹಳೆಯ ಮಾದರಿಯನ್ನೇ ದಶಕಗಟ್ಟಲೆ ತಯಾರಿಸಿದವು. ಕಪ್ಪು ಬಣ್ಣ, ಕಬ್ಬಿಣದ ಸರಳಿನ ಬ್ರೇಕು, ಸ್ಪ್ರಿಂಗ್ ಇರುವ ಅಗಲ ಸೀಟು. ಅದರಲ್ಲಿ ಹ್ಯಾಂಡಲ್ಲೂ ಸ್ಟೆಮ್ಮೂ ಬೆಸೆದುಕೊಂಡು ಒಂದೇ ವಸ್ತುವಾಗಿವೆ. ಮೇಲೆ ಕೆಳಗೆ ಮಾಡಬಹುದು. ಹತ್ತಿರ ದೂರ ಮಾಡಲಾಗದು.

ಆದರೂ ಆ ಸೈಕಲ್ಲಿನ ಮೇಲೆ ಹಿರಿಯರು ಹಾಯಾಗಿಯೇ ಹೋಗುತ್ತಿರುತ್ತಾರೆ. ಏಕೆಂದರೆ ಅದರ ಹ್ಯಾಂಡಲ್ಲಿನ ಎರಡು ತುದಿಗಳು ಸವಾರನ ಕಡೆಗೆ ಬಾಗಿ ಬಂದಿವೆ. ಸ್ಟೆಮ್ ಮುಂದಕ್ಕೆ ಒಯ್ದದ್ದನ್ನು ಹ್ಯಾಂಡಲ್ ಹಿಂದಕ್ಕೆ ತಂದುಕೊಡುತ್ತದೆ. ಬೆನ್ನು ನೆಟ್ಟಗೆ ಉಳಿಯುತ್ತದೆ, ಭಾರವೆಲ್ಲ ಸ್ಪ್ರಿಂಗ್ ಸೀಟಿನ ಮೇಲೆ ಬೀಳುತ್ತದೆ. ಹಾಗಾಗಿ ಸ್ಟೆಮ್ ಎಷ್ಟು ಉದ್ದ ಎಂದು ಮಾತ್ರ ಕೇಳಿದರೆ ಸಾಲದು. ಅಂಗೈ ಕೊನೆಗೆ ಎಲ್ಲಿ ಕೂರುತ್ತದೆ ಎಂದು ಕೇಳಬೇಕು.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಸ್ಟೆಮ್ ಎಂಬ ಗಿಡ್ಡ ತುಂಡು, ಅದರ ಜೊತೆಗೆ ಹ್ಯಾಂಡಲ್ಲಿನ ಬಾಗು, ಇವೆರಡೂ ಸೇರಿ ಕೈ ಎಷ್ಟು ದೂರ ಚಾಚಬೇಕೆಂದು ತೀರ್ಮಾನಿಸುತ್ತವೆ. ಈಗ, ಈ ದೂರ ತಪ್ಪಿದರೆ ಮೈಗೆ ಏನಾಗುತ್ತದೆ?

ಸೈಕಲ್ ಮೇಲೆ ಮನುಷ್ಯನ ಭಾರ ಮೂರು ಕಡೆ ಹಂಚಿಹೋಗುತ್ತದೆ. ಸೀಟು, ಪೆಡಲ್, ಹ್ಯಾಂಡಲ್. ಹ್ಯಾಂಡಲ್ ದೂರವಾದರೆ ಸವಾರ ಮುಂದಕ್ಕೆ ಬಾಗುತ್ತಾನೆ. ಅಂಗೈ ಮೇಲೆ ಭಾರ ಹೆಚ್ಚುತ್ತದೆ. ಮುಂದೆ ನೋಡಬೇಕಲ್ಲ, ಹಾಗಾಗಿ ಕತ್ತನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು. ಮೊಣಕೈ ಮಡಿಸಲು ಜಾಗವಿಲ್ಲದೆ ತೋಳು ಕೋಲಿನಂತೆ ನೆಟ್ಟಗಾಗುತ್ತದೆ. ಗುಂಡಿಗೆ ಚಕ್ರ ಬಿದ್ದಾಗ ಆ ಪೆಟ್ಟು ಮೊಣಕೈಯಲ್ಲಿ ನಿಲ್ಲದೆ ನೇರ ಭುಜಕ್ಕೆ, ಕುತ್ತಿಗೆಗೆ ಏರುತ್ತದೆ.

ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿಯುವುದು ಸೈಕಲ್ ಸವಾರರಲ್ಲಿ ಬಹಳ ಸಾಮಾನ್ಯ. ಮೊಣಕೈಯಿಂದ ಇಳಿದು ಬರುವ ಅಲ್ನಾರ್ ಎಂಬ ನರ ಅಂಗೈಯ ಹೊರಬದಿಯಲ್ಲಿ, ಮಣಿಕಟ್ಟಿನ ಹತ್ತಿರ, ಚರ್ಮಕ್ಕೆ ಸಮೀಪದಲ್ಲಿ ಹಾದುಹೋಗುತ್ತದೆ. ಹ್ಯಾಂಡಲ್ಲಿನ ಮೇಲೆ ಭಾರ ಬಿಟ್ಟಾಗ ಒತ್ತಡ ಬೀಳುವುದು ಸರಿಯಾಗಿ ಅದೇ ಜಾಗಕ್ಕೆ. ದಪ್ಪ ಕೈಗವಸು ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತದೆ. ಆದರೆ ಭಾರ ಅಲ್ಲಿಗೆ ಯಾಕೆ ಬಂತು ಎಂದು ಗವಸು ಕೇಳುವುದಿಲ್ಲ.

ದೂರ ಹೆಚ್ಚಾದರೆ ಈ ಕಷ್ಟ. ಕಡಿಮೆಯಾದರೆ ಸುಖವೇ ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಹ್ಯಾಂಡಲ್ ತೀರಾ ಹತ್ತಿರವಿದ್ದರೆ ಬೆನ್ನು ಗೂನಾಗಿ ಬಾಗುತ್ತದೆ. ನಿಂತು ತುಳಿದಾಗ, ತಿರುವಿನಲ್ಲಿ, ಮಂಡಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ಭಾರವೆಲ್ಲ ಸೀಟಿನ ಮೇಲೆ ಕುಸಿದು, ರಸ್ತೆಯ ಪ್ರತಿ ಉಬ್ಬೂ ಬೆನ್ನುಮೂಳೆಗೆ ತಾಗುತ್ತದೆ.

ನೋವಿನ ಮಾತು ಇಷ್ಟು ಸಾಕು. ದೂರ ಹೆಚ್ಚಾದರೆ ಅಂಗೈ, ಕುತ್ತಿಗೆ. ಕಡಿಮೆಯಾದರೆ ಬೆನ್ನು, ಮಂಡಿ. ಇನ್ನು ಸೈಕಲ್ ಹೇಳಿದ ಮಾತು ಕೇಳುತ್ತದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಬರೋಣ.

ಸೈಕಲ್ ನೆಟ್ಟಗೆ ಹೋಗುವ ಗುಣ ಸ್ಟೆಮ್ಮಿನಿಂದ ಬರುವುದಲ್ಲ. ಅದು ಹೆಚ್ಚಾಗಿ ಫೋರ್ಕ್ ಎಷ್ಟು ಓರೆಯಾಗಿ ಕೂತಿದೆ ಎಂಬುದರಿಂದ ಬರುತ್ತದೆ. ಸ್ಟೆಮ್ ಬದಲಾಯಿಸುವುದು ಎರಡೇ ಸಂಗತಿ. ಒಂದು, ಚಕ್ರವನ್ನು ತಿರುಗಿಸಲು ಕೈ ಎಷ್ಟು ಸರಿಯಬೇಕು ಎಂಬುದು. ಹ್ಯಾಂಡಲ್ ತಿರುಗುವ ಅಕ್ಷದಿಂದ ಅಂಗೈ ದೂರವಿದ್ದಷ್ಟೂ ಕೈ ಹೆಚ್ಚು ಸರಿಯಬೇಕು, ಸೈಕಲ್ ನಿಧಾನವಾಗಿ ತಿರುಗಿದಂತೆ ಅನ್ನಿಸುತ್ತದೆ. ಹತ್ತಿರವಿದ್ದರೆ ಸ್ವಲ್ಪ ತಳ್ಳಿದರೂ ಚುರುಕಾಗಿ ತಿರುಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಮುಂದಿನ ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು.

ತಾಳಗುಪ್ಪದ ಸುತ್ತ ಏರು ಇಳಿತಗಳಿಗೆ ಬರವಿಲ್ಲ. ಸ್ಟೆಮ್ ತೀರಾ ಗಿಡ್ಡವಾಗಿ ಸವಾರ ಹಿಂದೆ ಕೂತಿದ್ದರೆ, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ. ಎತ್ತಿನ ಗಾಡಿಗೆ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲಕ್ಕೇಳುವುದಿಲ್ಲವೇ, ಹಾಗೆ. ಆಗ ಸೈಕಲ್ ಅತ್ತಿತ್ತ ಅಲೆಯುತ್ತದೆ. ಉದ್ದ ಸ್ಟೆಮ್ಮಿನವರಿಗೆ ಏರಿನಲ್ಲಿ ಈ ತೊಂದರೆಯಿಲ್ಲ. ಅವರ ಪರೀಕ್ಷೆ ಇಳಿಜಾರಿನಲ್ಲಿ. ಮಾವಿನಗುಂಡಿ ದಾಟಿ ಗೇರುಸೊಪ್ಪೆಗೆ ಇಳಿಯುವ ಘಟ್ಟವನ್ನೇ ತೆಗೆದುಕೊಳ್ಳಿ. ಮಲೆನಾಡಿನ ಎತ್ತರದಿಂದ ಶರಾವತಿಯ ತಗ್ಗಿಗೆ ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ಅಲ್ಲಿ ದೇಹ ಮೊದಲೇ ಮುಂದಕ್ಕೆ ಜಾರುತ್ತಿರುತ್ತದೆ. ಉದ್ದ ಸ್ಟೆಮ್ ಅದನ್ನು ಇನ್ನಷ್ಟು ಮುಂದಕ್ಕೆ ಎಳೆಯುತ್ತದೆ. ತಿರುವಿನಲ್ಲಿ ಗಾಬರಿಯಿಂದ ಮುಂದಿನ ಬ್ರೇಕು ಒತ್ತಿದರೆ ಹಿಂದಿನ ಚಕ್ರ ನೆಲ ಬಿಡುವ ಸಂಭವ ಹೆಚ್ಚು.

ಬೆಟ್ಟದ ಸೈಕಲ್ ಮಾಡುವವರಿಗೆ ಇದನ್ನು ಕಲಿಯಲು ಹಲವು ವರ್ಷ ಬೇಕಾಯಿತು. ಮೊದಮೊದಲ ಸೈಕಲ್ಲುಗಳಿಗೆ ರೇಸಿನವರ ಹಾಗೆ ಉದ್ದ ಸ್ಟೆಮ್ ಹಾಕುತ್ತಿದ್ದರು. 1990ರ ದಶಕದ ಕೊನೆಗೆ ಅಮೆರಿಕದ ಗ್ಯಾರಿ ಫಿಷರ್ ಹೆಸರಿನ ಸೈಕಲ್ಲುಗಳಲ್ಲಿ ಫ್ರೇಮನ್ನೇ ಉದ್ದ ಮಾಡಿ ಸ್ಟೆಮ್ಮನ್ನು ಗಿಡ್ಡ ಮಾಡಿದರು. ಕೈ ಚಾಚುವ ದೂರ ಅಷ್ಟೇ ಉಳಿಯಿತು. ಆದರೆ ಮುಂದಿನ ಚಕ್ರ ಸವಾರನಿಗಿಂತ ಮುಂದೆ ಹೋಯಿತು, ಇಳಿಜಾರಿನಲ್ಲಿ ಧೈರ್ಯ ಬಂತು. ಇಂದಿನ ಬೆಟ್ಟದ ಸೈಕಲ್ಲುಗಳೆಲ್ಲ ಅದೇ ದಾರಿ ಹಿಡಿದಿವೆ. ಅಗಲವಾದ ಹ್ಯಾಂಡಲ್ ಸೇರಿಸಿಕೊಂಡು ಗಿಡ್ಡ ಸ್ಟೆಮ್ಮಿನ ಅತಿ ಚುರುಕನ್ನು ಹತೋಟಿಗೆ ತಂದುಕೊಂಡಿವೆ.

ಮಳೆಗಾಲದ ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹ್ಯಾಂಡಲ್. ಮಲೆನಾಡಿನಲ್ಲಿ ಈ ಸವಾರಿ ನೋಡದವರಿಲ್ಲ. ಹಳೇ ಕಪ್ಪು ಸೈಕಲ್ಲಿನ ಮೇಲೆ ಇದು ನಡೆಯುತ್ತದೆ, ಯಾಕೆಂದರೆ ಭಾರ ಸೀಟಿನ ಮೇಲಿದೆ, ಕೈ ದಾರಿ ತೋರಿಸಿದರೆ ಸಾಕು. ಹ್ಯಾಂಡಲ್ ದೂರವಿರುವ ಸೈಕಲ್ಲಿನಲ್ಲಿ ಎರಡೂ ಕೈ ಭಾರ ಹೊತ್ತಿರುತ್ತವೆ. ಒಂದನ್ನು ಎತ್ತಿದ ಕೂಡಲೇ ಇನ್ನೊಂದು ಕೈಯ ಭಾರ ಹ್ಯಾಂಡಲ್ಲನ್ನು ಒಂದೇ ಬದಿಗೆ ತಳ್ಳುತ್ತದೆ. ಚರಂಡಿಗೆ ಬಿದ್ದವರು ಕೊಡೆಯನ್ನು ಬೈಯುತ್ತಾರೆ. ಕೊಡೆ ಹಿಡಿದು ಸೈಕಲ್ ಹೊಡೆಯುವುದು ಹೇಗೂ ಬೇಡ, ರೈನ್‌ಕೋಟೇ ಲೇಸು.

ಸರಿ. ನೋವಿನ ಲೆಕ್ಕ ಆಯಿತು, ಹತೋಟಿಯ ಲೆಕ್ಕವೂ ಆಯಿತು. ಉದ್ದ ಸ್ಟೆಮ್ ಏರಿಗೆ ಒಳ್ಳೆಯದು, ಇಳಿಜಾರಿಗೆ ಕೆಟ್ಟದ್ದು. ಗಿಡ್ಡದ್ದು ಅದಕ್ಕೆ ತಿರುಗುಮುರುಗು. ಇನ್ನು ಮೊದಲು ಹೇಳಿದ ಶಾಲೆಯ ಹುಡುಗಿಯ ಕಡೆಗೆ ಬರೋಣ. ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ವಿಷಯದ ತಿರುಳು ಅಲ್ಲಿದೆ.

2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಬಜೆಟ್ ಮಂಡಿಸುತ್ತಿದ್ದವರು ಆಗ ಉಪಮುಖ್ಯಮಂತ್ರಿಯಾಗಿದ್ದ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ. ಮಲೆನಾಡಿನಂಥ ಕಡೆ ಮನೆಗೊಂದು ಗುಡ್ಡ, ಹೈಸ್ಕೂಲು ಹಲವು ಮೈಲಿ ದೂರ. ಬಸ್ಸಿಲ್ಲದ ಹಳ್ಳಿಯ ಹೆಣ್ಣುಮಕ್ಕಳಿಗೆ ಅದು ದೊಡ್ಡ ಆಸರೆಯಾಯಿತು. ಹುಡುಗಿಯರಿಗೆ ಅಡ್ಡ ಬಾರಿಲ್ಲದ ಸೈಕಲ್, ಹುಡುಗರಿಗೆ ಬಾರಿರುವ ಸೈಕಲ್. ಮಾದರಿ ಎರಡು. ಆದರೆ ಅಳತೆ?

ಎಂಟನೇ ತರಗತಿಯ ಸಾಲನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಹದಿಮೂರು, ಹದಿನಾಲ್ಕರ ವಯಸ್ಸು. ಒಬ್ಬಳು ಟೀಚರಷ್ಟೇ ಎತ್ತರ. ಪಕ್ಕದವಳು ಅವಳಿಗಿಂತ ಒಂದು ಗೇಣು ಕುಳ್ಳಿ. ಇಬ್ಬರಿಗೂ ಸಿಕ್ಕಿದ್ದು ಒಂದೇ ಅಳತೆಯ ಫ್ರೇಮು. ಸಾಲದ್ದಕ್ಕೆ ಆ ವಯಸ್ಸಿನಲ್ಲಿ ಮಕ್ಕಳು ಬೆಳೆಯುತ್ತಿರುತ್ತಾರೆ. ಕೆಲವು ಹುಡುಗರು ವರ್ಷಕ್ಕೆ 7ರಿಂದ 10 ಸೆಂಟಿಮೀಟರ್ ಏರುತ್ತಾರೆ. ಎಂಟರಲ್ಲಿ ದೊಡ್ಡದಾಗಿದ್ದ ಸೈಕಲ್ ಹತ್ತರಲ್ಲಿ ಚಿಕ್ಕದಾಗುತ್ತದೆ.

ಇದಕ್ಕೆ ಸರ್ಕಾರವನ್ನು ದೂರಿ ಸುಮ್ಮನಾಗುವುದು ಸುಲಭ. ಲಕ್ಷಗಟ್ಟಲೆ ಮಕ್ಕಳಿಗೆ ಒಬ್ಬೊಬ್ಬರ ಅಳತೆ ತೆಗೆದು ಸೈಕಲ್ ಕೊಡಲಾಗದು. ಆದರೆ ಸೀಟು ಏರಿಸಿ ಇಳಿಸಲು ಬೇಕಾದದ್ದು ಒಂದು ಸ್ಪ್ಯಾನರ್, ಮಗುವಿಗೆ ಎರಡು ನಿಮಿಷ. ವಿತರಣೆಯ ದಿನ ಭಾಷಣಗಳಿಗೆ ಇಟ್ಟ ಹೊತ್ತಿನಲ್ಲಿ ಅರ್ಧವನ್ನು ಸ್ಪ್ಯಾನರಿಗೆ ಬಿಟ್ಟುಕೊಟ್ಟಿದ್ದರೂ ಒಂದು ಶಾಲೆಯ ಕೆಲಸ ಮುಗಿಯುತ್ತಿತ್ತು. ಕೊರೊನಾ ಕಾಲದಲ್ಲಿ ಸೈಕಲ್ ಹಂಚುವುದು ನಿಂತಿತು. ಮೊದಲೇ ಬಂದಿದ್ದ ಸೈಕಲ್ಲುಗಳು ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ದಾಟಿದವು. ಸೀಟು ಮಾತ್ರ ಅಕ್ಕನ ಎತ್ತರದಲ್ಲೇ ತುಕ್ಕು ಹಿಡಿದು ಕೂತಿರುತ್ತದೆ.

ಅಳತೆಗೆ ಸಿಗದ ಸೈಕಲ್ಲು ಹೊಸ ಕಥೆಯೇನೂ ಅಲ್ಲ. ಬಾಡಿಗೆ ಸೈಕಲ್ಲಿನ ಕಾಲದಲ್ಲಿ ಅಪ್ಪನ ಎತ್ತರದ ಸೈಕಲ್ಲನ್ನು ಹುಡುಗರು ಒಳಪೆಡಲ್ ಹೊಡೆದೇ ಕಲಿತರು. ಬಾರಿನ ಕೆಳಗೆ ಕಾಲು ತೂರಿಸಿ, ಎಡಗೈ ಹ್ಯಾಂಡಲ್ಲಿಗೆ, ಬಲಗೈ ಸೀಟಿಗೆ ಕೊಟ್ಟು, ಮೈಯನ್ನು ಒಂದು ಬದಿಗೆ ಓರೆ ಮಾಡಿ ಹೋಗುವ ಆ ವಿದ್ಯೆಯಲ್ಲಿ ಸವಾರ ಸೈಕಲ್ಲಿಗೆ ತಕ್ಕಂತೆ ಬಾಗುತ್ತಿದ್ದ. ಅದಕ್ಕೂ ಹಿಂದೆ ವ್ಯವಸ್ಥೆ ತದ್ವಿರುದ್ಧವಾಗಿತ್ತು. ಮುಂದೆ ದೊಡ್ಡ ಚಕ್ರ, ಹಿಂದೆ ಚಿಕ್ಕ ಚಕ್ರ ಇದ್ದ ಇಂಗ್ಲೆಂಡಿನ ಎತ್ತರದ ಸೈಕಲ್ಲಿನಲ್ಲಿ ಪೆಡಲ್ ದೊಡ್ಡ ಚಕ್ರಕ್ಕೇ ಇರುತ್ತಿತ್ತು. ಹಾಗಾಗಿ ಕಾಲಿನ ಉದ್ದ ಅಳೆದೇ ಚಕ್ರ ಆರಿಸಬೇಕಿತ್ತು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದ. ಹಿಂದಿನ ಚಕ್ರಕ್ಕೆ ಚೈನು ಬಂತು, ಕಾಲಿನ ಅಳತೆಗೂ ಚಕ್ರಕ್ಕೂ ಇದ್ದ ನಂಟು ಕಡಿಯಿತು. ಯಾರು ಬೇಕಾದರೂ ಯಾವ ಸೈಕಲ್ ಬೇಕಾದರೂ ಹತ್ತಬಹುದು ಎಂಬ ನಂಬಿಕೆ ಅಲ್ಲಿಂದ ಶುರುವಾಯಿತು.

ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ದೂರವನ್ನು ಎರಡು ತುದಿಗೂ ಎಳೆದು ನೋಡಿದವನೊಬ್ಬನಿದ್ದಾನೆ. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ. ತಾನೇ ಮಾಡಿಕೊಂಡ ಸೈಕಲ್, ಅದರಲ್ಲಿ ಬಟ್ಟೆ ಒಗೆಯುವ ಯಂತ್ರದಿಂದ ತೆಗೆದ ಬೇರಿಂಗು. ಹ್ಯಾಂಡಲ್ಲನ್ನು ಎಷ್ಟು ಹತ್ತಿರ ತಂದನೆಂದರೆ ಕೈಗಳು ಮಡಿಸಿಕೊಂಡು ಎದೆಯ ಅಡಿಗೆ ಸೇರುತ್ತಿದ್ದವು. 1993ರ ಜುಲೈಯಲ್ಲಿ ನಾರ್ವೆಯ ಹಮಾರ್‌ನಲ್ಲಿ ಒಂದು ಗಂಟೆಯಲ್ಲಿ 51 ಕಿಲೋಮೀಟರ್ ದಾಟಿ ವಿಶ್ವದಾಖಲೆ ಮುರಿದ. ಮೊದಲ ದಿನ ಸೋತು ಮರುದಿನ ಬೆಳಿಗ್ಗೆ ಮತ್ತೆ ಹತ್ತಿ ಗೆದ್ದದ್ದು ಅದು. ಮುಂದಿನ ವರ್ಷ ಆ ಭಂಗಿಯನ್ನು ನಿಷೇಧಿಸಿದರು. ಓಬ್ರಿ ಸುಮ್ಮನಿರಲಿಲ್ಲ. ಹ್ಯಾಂಡಲ್ಲನ್ನು ಈಗ ಮುಂದಕ್ಕೆ, ತೋಳು ಪೂರ್ತಿ ಚಾಚುವಷ್ಟು ದೂರಕ್ಕೆ ಕೊಂಡೊಯ್ದ. 1995ರಲ್ಲಿ ಅದರ ಮೇಲೆಯೂ ವಿಶ್ವ ಚಾಂಪಿಯನ್ ಆದ. ಆ ಭಂಗಿಗೂ ನಿಷೇಧ ಬಂತು.

ಗಾಳಿಯನ್ನು ಸೀಳುವುದೊಂದೇ ಗುರಿಯಾದರೆ ಎರಡೂ ತುದಿ ನಡೆಯುತ್ತವೆ. ಹಮಾರ್‌ನ ಟ್ರ್ಯಾಕಿನಲ್ಲಿ ಗುಂಡಿಯಿಲ್ಲ, ಎದುರಿಗೆ ಬಸ್ಸು ಬರುವುದಿಲ್ಲ, ದನ ಅಡ್ಡ ನಿಲ್ಲುವುದಿಲ್ಲ. ಸಾಗರ ರಸ್ತೆಯಲ್ಲಿ ಮೂರೂ ಉಂಟು. ರೇಸಿನವರನ್ನು ನೋಡಿ ಹ್ಯಾಂಡಲ್ ತಗ್ಗಿಸಿಕೊಳ್ಳುವ ಹುಡುಗರು ಇದನ್ನು ಗಮನಿಸುವುದು ಒಳ್ಳೆಯದು.

ಹಾಗಾದರೆ ಯಾವ ದೂರ ಸರಿ? ಇಷ್ಟೆಂದು ಒಂದು ಅಂಕಿ ಹೇಳಲು ಬರುವುದಿಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ. ಇಪ್ಪತ್ತರ ಬೆನ್ನು ಬಾಗಿದಷ್ಟು ಅರವತ್ತರ ಬೆನ್ನು ಬಾಗದು. ಆದರೆ ಹೊಂದಿಸುವುದಕ್ಕೆ ಒಂದು ಕ್ರಮವಿದೆ. ಅದು ತಪ್ಪಿದರೆ ಎಷ್ಟು ಸ್ಟೆಮ್ ಬದಲಿಸಿದರೂ ವ್ಯರ್ಥ.

ಮೊದಲು ಸೀಟಿನ ಎತ್ತರ. ಗೋಡೆಗೆ ಒರಗಿಸಿದ ಸೈಕಲ್ ಹತ್ತಿ ಕೂರಿ. ಪೆಡಲ್ಲನ್ನು ತೀರಾ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿಯಿಡಿ. ಸೊಂಟ ವಾಲದೆ ಕಾಲು ನೆಟ್ಟಗಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮಂಡಿ ತಾನಾಗಿ ಸ್ವಲ್ಪ ಮಡಿದಿರುತ್ತದೆ. ಅಳೆಯುವ ಟೇಪು ಇದ್ದವರಿಗೆ ಇನ್ನೊಂದು ಲೆಕ್ಕ. ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲಕ್ಕೆ ಅಳೆದು, ಅದರಲ್ಲಿ ನೂರಕ್ಕೆ 88ರಷ್ಟು ತೆಗೆದುಕೊಳ್ಳಿ. ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟಿರಲಿ. ಕಾಲಿನ ಅಳತೆ 75 ಸೆಂಟಿಮೀಟರ್ ಆದರೆ ಇದು 66. ಸಾಮಾನ್ಯವಾಗಿ ಪ್ಯಾರಿಸ್ಸಿನಲ್ಲಿ ಮುಗಿಯುವ ಟೂರ್ ದ ಫ್ರಾನ್ಸ್ ರೇಸನ್ನು ಮೂರು ಸಲ ಗೆದ್ದ ಗ್ರೆಗ್ ಲೆಮಂಡ್ ಹೆಸರಿನಲ್ಲಿ ಈ ಲೆಕ್ಕ ಹೆಸರುವಾಸಿ. ಹೊಸದಾಗಿ ಕಲಿಯುವ ಮಗುವಿಗೆ ಮಾತ್ರ ಇದನ್ನು ಅನ್ವಯಿಸಬೇಡಿ. ಅದಕ್ಕೆ ಪಾದ ನೆಲಕ್ಕೆ ತಾಗುವುದೇ ಮುಖ್ಯ.

ಸೀಟು ಏರಿದೊಡನೆ ಹ್ಯಾಂಡಲ್ ತಗ್ಗಿದಂತಾಗುತ್ತದೆ, ದೂರವೂ ಆಗುತ್ತದೆ. ಇಲ್ಲಿ ಬಹಳ ಜನ ಸೀಟನ್ನೇ ಹ್ಯಾಂಡಲ್ ಕಡೆಗೆ ತಳ್ಳಿಬಿಡುತ್ತಾರೆ. ಕೈಗೆ ಸಮಾಧಾನವಾಗುತ್ತದೆ, ಮಂಡಿ ಕೆಡುತ್ತದೆ. ಸೀಟಿನ ಹಿಂದು ಮುಂದು ಇರುವುದು ಕಾಲಿಗೂ ಪೆಡಲ್ಲಿಗೂ ಸಂಬಂಧ ಕೂಡಿಸಲು. ಕೈಯ ದೂರವನ್ನು ಹ್ಯಾಂಡಲ್ ಕಡೆಯಿಂದಲೇ ಸರಿಮಾಡಬೇಕು.

ಅದರಲ್ಲೂ ಮೊದಲು ಎತ್ತರ, ಆಮೇಲೆ ಉದ್ದ. ಇದಕ್ಕೊಂದು ಕಾರಣವಿದೆ. ಫೋರ್ಕಿನ ದಂಡ ಸವಾರನ ಕಡೆಗೆ ಓರೆಯಾಗಿದೆ. ಹ್ಯಾಂಡಲ್ಲನ್ನು ಒಂದು ಸೆಂಟಿಮೀಟರ್ ಏರಿಸಿದರೆ ಅದು ಸುಮಾರು 3 ಮಿಲಿಮೀಟರ್ ಹತ್ತಿರವೂ ಬರುತ್ತದೆ. ಎಷ್ಟೋ ಸಲ ಇಷ್ಟರಲ್ಲೇ ಜೋಮು ಮಾಯವಾಗುತ್ತದೆ. ಗೇರ್ ಸೈಕಲ್ಲಿನಲ್ಲಿ ಸ್ಟೆಮ್ ಸಾಮಾನ್ಯವಾಗಿ ತುಸು ಓರೆಯಾಗಿರುತ್ತದೆ. ಅದು ಕೆಳಮುಖವಾಗಿದ್ದರೆ, ಬಿಚ್ಚಿ ತಲೆಕೆಳಗು ಮಾಡಿ ಹಾಕಿದಾಗ ಹ್ಯಾಂಡಲ್ ಒಂದೆರಡು ಸೆಂಟಿಮೀಟರ್ ಏರುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ. ಆದರೂ ತೋಳು ಸೆಟೆದೇ ಇದ್ದರೆ ಆಗ ಗಿಡ್ಡ ಸ್ಟೆಮ್ ಕೊಳ್ಳಿ. ಸಾಧಾರಣದ್ದಕ್ಕೆ ಕೆಲವು ನೂರು ರೂಪಾಯಿ. ಒಂದೆರಡು ಸೆಂಟಿಮೀಟರ್ ಕಡಿಮೆ ಮಾಡಿ ನೋಡಿ, ಅದಕ್ಕಿಂತ ಹೆಚ್ಚು ಬೇಡ. ನಾಲ್ಕೈದು ಸೆಂಟಿಮೀಟರ್ ಕಡಿಮೆ ಮಾಡದೆ ಕೈ ಎಟುಕದು ಎಂದಾದರೆ ಫ್ರೇಮೇ ದೊಡ್ಡದಾಗಿದೆ ಎಂದರ್ಥ. ಆ ಸೈಕಲ್ಲು ಬೇರೆಯವರದು.

ಈಗ ಕೊನೆಯ ವಿಷಯ. ಸೀಟು ಮೊದಲು, ಹ್ಯಾಂಡಲ್ಲಿನ ಎತ್ತರ ಆಮೇಲೆ, ಸ್ಟೆಮ್ಮಿನ ಉದ್ದ ಎಲ್ಲಕ್ಕೂ ಕೊನೆಗೆ ಎಂದಾಯಿತು. ಇದನ್ನೆಲ್ಲ ಮಾಡಿದ ಮೇಲೆ ನೋಡಲೇಬೇಕಾದ ಮೂರು ಸಂಗತಿ ಉಳಿದಿವೆ. ಹಳೇ ಮಾದರಿಯಲ್ಲಿ ಹ್ಯಾಂಡಲ್ಲಿನ ಕೊಳವೆ ಫೋರ್ಕಿನ ಒಳಗೆ ಇಳಿದಿರುತ್ತದೆ. ಎಷ್ಟು ಮೇಲಕ್ಕೆ ಎಳೆಯಬಹುದು ಎಂಬುದಕ್ಕೆ ಅನೇಕ ಸೈಕಲ್ಲುಗಳಲ್ಲಿ ಕೊಳವೆಯ ಮೇಲೆ ಗೆರೆ ಕೊರೆದಿರುತ್ತಾರೆ. ಆ ಗೆರೆ ಹೊರಗೆ ಕಾಣಬಾರದು. ಕಂಡರೆ ಕೊಳವೆಗೆ ಹಿಡಿತ ಸಾಲದು, ಗುಂಡಿಯಲ್ಲಿ ಮುರಿದು ಕೈಗೆ ಬರಬಹುದು. ಸರಳಿನ ಬ್ರೇಕಿನ ಸೈಕಲ್ಲಾದರೆ, ಹ್ಯಾಂಡಲ್ ಏರಿದಾಗ ಸರಳೂ ಮೇಲಕ್ಕೆ ಎಳೆದುಕೊಂಡು ಬ್ರೇಕಿನ ಕಟ್ಟೆ ರಿಮ್ಮಿಗೆ ಒತ್ತಿಕೊಳ್ಳುತ್ತದೆ. ಸರಳಿನ ಸ್ಕ್ರೂ ಸಡಿಲಿಸಿ ಮತ್ತೆ ಹೊಂದಿಸಬೇಕು. ಗೇರ್ ಸೈಕಲ್ಲಿನಲ್ಲಿ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕಿನ ತಂತಿ ಬಿಗಿಯಾಗುತ್ತದೆಯೇ ನೋಡಿ.

ಆಮೇಲೆ ಸೈಕಲ್ಲಿನ ಎದುರು ನಿಂತು ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಬಿಗಿಯಾಗಿ ಹಿಡಿಯಿರಿ. ಹ್ಯಾಂಡಲ್ಲನ್ನು ಬಲವಾಗಿ ತಿರುಗಿಸಲು ನೋಡಿ. ಚಕ್ರ ಅಲುಗದೆ ಹ್ಯಾಂಡಲ್ ಮಾತ್ರ ತಿರುಗಿದರೆ ಬೋಲ್ಟು ಇನ್ನೂ ಸಡಿಲವಿದೆ. ಬಿಗಿ ಮಾಡಿ, ಮೊದಲು ಊರೊಳಗಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಹೊಸ ದೂರಕ್ಕೆ ಕೈ ಒಗ್ಗುವುದಕ್ಕೆ ಕೆಲವು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಘಟ್ಟ ಬೇಡ.